ಎರಡು ಸಂಗಮಗಳು ಮತ್ತು ಸ್ಥಾವರಗಳ ಸ್ಥಳಾಂತರ

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿನಲ್ಲಿರುವ ಕವಿತಾಳ ಪ್ರಾಂತದ ಭಕ್ತರಿಗೆ ಸಂಗಮೇಶ್ವರನ ಸನ್ನಿಧಿಗಳು ಎರಡು. ಪಡುವಣದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲ ಸಂಗಮವು. ಮೂಡಣದಲ್ಲಿ ತುಂಗಭದ್ರೆಯು ಕೃಷ್ಣೆಯನ್ನು ಸೇರುವ ಕೂಡವೆಲ್ಲಿಯು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡಕ್ಕೂ ಜಲಗಂಡವು ಒದಗಿತು. ಪರಿಹಾರವು ಮಾತ್ರ ಬೇರೆಬೇರೆಯಾಯಿತು.

1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಕೂಡಲ ಸಂಗಮವನ್ನು ಮುತ್ತಲಿರಲು, ಶ್ರೀ ಬಸವೇಶ್ವರರ ಐಕ್ಯಸ್ಥಳವನ್ನು ಕದಲಿಸದೆ, ಅದರ ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಎಬ್ಬಿಸಲಾಯಿತು. ಭಕ್ತರು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುವರು. ಐಕ್ಯವಾದುದು ಆ ನೆಲದಲ್ಲಿಯೇ ಆದುದರಿಂದ ಬೇರೆಡೆಗೆ ಒಯ್ಯುವ ಮಾತು ಸಲ್ಲದು.

ಕೂಡವೆಲ್ಲಿಯ ಸಂಗಮೇಶ್ವರಾಲಯವು ಬಾದಾಮಿ ಚಾಲುಕ್ಯರ ಕಾಲದ್ದು. ಶ್ರೀಶೈಲ ಜಲಾಶಯದಲ್ಲಿ ಮುಳುಗಲಿದ್ದ ಅದನ್ನು 1980ರ ಆಸುಪಾಸಿನಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ನಿಲ್ಲಿಸಿದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿದ ಗುಡಿಯಾದುದರಿಂದ ಅದು ಸಾಧ್ಯವಾಯಿತು. ಗುಡಿಯು ಉಳಿಯಿತು, ಸಂಗಮವು ಅದರೆದುರಿಗೆ ಇಲ್ಲವಾಯಿತು.

ಇಟ್ಟಿಗೆ ಗಾರೆಗಳ ಕಟ್ಟಡವನ್ನು ಹೀಗೆ ಬಿಚ್ಚಲಾಗದು. ಶ್ರೀರಂಗಪಟ್ಟಣದಲ್ಲಿ ರೈಲು ಹಾದಿಗೆ ಅಡ್ಡವಾದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು, ಸುಮಾರು 1000 ಟನ್ ತೂಕದ್ದನ್ನು, 2017ರಲ್ಲಿ ಇಡಿಯಾಗಿ ಜಾಕಿಗಳಿಂದ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಲಾಯಿತು. ಇಂತಹ ಕಾರ್ಯದಲ್ಲಿ ಕಂಪನವೇ ಮುಖ್ಯ ಶತ್ರುವು. ಗಾರೆಗೋಡೆಯು ಭಾರವನ್ನು ತಾಳುವುದು, ಎಳೆತವನ್ನು ತಾಳದು. ಒಂದು ಜಾಕಿಯು ಮತ್ತೊಂದಕ್ಕಿಂತ ಕಿಂಚಿತ್ ಮುಂದಾದರೂ, ಸಾಗುವಾಗ ಜಗ್ಗಿದರೂ ಬಿರುಕು ಬಿಡುವುದು. ಆದಕಾರಣ ತಳದಲ್ಲಿಯೂ ಗೋಡೆಯ ನೆತ್ತಿಯಲ್ಲಿಯೂ ಕಂಪಮಾಪಕಗಳನ್ನಿಟ್ಟು, ನಡುಕದ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರೆಂದು ಅಳೆಯುವರು. ಜರ್ಮನಿಯ ನಿಯಮವೊಂದರಂತೆ ನಿಧಾನಗತಿಯ ಕಂಪನದಲ್ಲಿ ತಳಕ್ಕೆ ವಾಸದ ಮನೆಗಳಲ್ಲಿ 5, ಪುರಾತನ ಕಟ್ಟಡಗಳಲ್ಲಿ 3 ಮಿಲಿಮೀಟರು ಮಿತಿಯು. ಮನುಷ್ಯನ ಪಾದಕ್ಕೆ ಇದಕ್ಕಿಂತ ಎಷ್ಟೋ ಕಡಿಮೆಯ ನಡುಕವೂ ತಿಳಿಯುವುದರಿಂದ ಭಯವನ್ನೇ ಪ್ರಮಾಣವೆನ್ನಲಾಗದು, ಅಂತೆಯೇ ಧೈರ್ಯವನ್ನೂ.

ಹಳೆಯ ಪದ್ಧತಿಯೊಂದುಂಟು: ಬಿರುಕಿನ ಅಡ್ಡಲಾಗಿ ತೆಳುಗಾಜಿನ ಪಟ್ಟಿಯನ್ನು ಅಂಟಿಸಿ, ಅದು ಒಡೆದರೆ ಬಿರುಕು ಬೆಳೆಯಿತೆಂದು ತಿಳಿಯುವುದು. ಅಗ್ಗವಾದುದು, ನಿಜ; ಆದರೆ ಅದು ಹಾನಿಯಾದ ಮೇಲೆ ಹೇಳುವುದು. ಮಾಪಕವಾದರೋ ಮಿತಿಯು ಸಮೀಪಿಸುತ್ತಲೇ ಕೆಲಸವನ್ನು ನಿಲ್ಲಿಸಲು ಅವಕಾಶ ಕೊಡುವುದು. ಹೊಸ ಅಡಿಪಾಯದ ಮಣ್ಣು ಭಾರಕ್ಕೆ ಕುಸಿಯುತ್ತ ಹೋಗುವುದರಿಂದ, ಕಟ್ಟಡವನ್ನು ಇಳಿಸಿದ ಮೇಲೂ ಒಂದೆರಡು ಮಳೆಗಾಲ ಬಿರುಕುಗಳನ್ನು ನೋಡುತ್ತಿರಬೇಕಾಗುವುದು.