ಕನ್ನಡದ ಕ್ರೈಸ್ತ ಲೇಖಕರು

ಕನ್ನಡದ ಕ್ರೈಸ್ತ ಲೇಖಕರು ಎಂಬ ಹೆಸರಿನಡಿ ಎರಡು ವರ್ಗದ ಬರಹಗಾರರನ್ನು ಗುರುತಿಸಲಾಗುತ್ತದೆ. ಮೊದಲನೆಯದು, 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದು ಕನ್ನಡ ಕಲಿತು ಬರೆದ ಮಿಷನರಿಗಳು. ಎರಡನೆಯದು, ಕರ್ನಾಟಕದಲ್ಲಿಯೇ ಹುಟ್ಟಿ ಬೆಳೆದ ಕ್ರೈಸ್ತ ಸಾಹಿತಿಗಳು. ಅನುವಾದ, ಪತ್ರಿಕೋದ್ಯಮ, ಗ್ರಂಥಸಂಪಾದನೆ, ನಿಘಂಟು, ವ್ಯಾಕರಣ, ಕಾವ್ಯ, ಸಂಶೋಧನೆ ಹಾಗೂ ಕಾದಂಬರಿ ಪ್ರಕಾರಗಳಲ್ಲಿ ಇವರ ಕೃತಿಗಳು ದೊರೆಯುತ್ತವೆ. ಮಿಷನರಿಗಳ ಬರವಣಿಗೆ ಧರ್ಮಪ್ರಸಾರದ ಉದ್ದೇಶದಿಂದ ಆರಂಭವಾಯಿತಾದರೂ, ಅವರ ಕೃತಿಗಳಲ್ಲಿ ಇಂದಿಗೂ ವ್ಯಾಪಕ ಬಳಕೆಯಲ್ಲಿರುವವು ಮುಖ್ಯವಾಗಿ ಕನ್ನಡ ಭಾಷೆ ಮತ್ತು ಅದರ ಪ್ರಾಚೀನ ಸಾಹಿತ್ಯವನ್ನು ಕುರಿತವು.

ಹಿನ್ನೆಲೆ

ಲಂಡನ್ ಮಿಷನ್ ಸಂಸ್ಥೆಯು ಬಳ್ಳಾರಿಯಲ್ಲಿಯೂ ಬಾಸೆಲ್ ಮಿಷನ್ ಸಂಸ್ಥೆಯು ಮಂಗಳೂರಿನಲ್ಲಿಯೂ ಕೇಂದ್ರಗಳನ್ನು ಸ್ಥಾಪಿಸಿದ್ದವು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿತು. ಅದುವರೆಗೆ ತಾಳೆಗರಿ ಮತ್ತು ಕಾಗದದ ಹಸ್ತಪ್ರತಿಗಳಲ್ಲಿದ್ದ ಅನೇಕ ಕನ್ನಡ ಕೃತಿಗಳು ಅಚ್ಚಾಗಿ ಹೊರಬರಲು ಈ ಮುದ್ರಣಾಲಯ ನೆರವಾಯಿತು.

ಅನುವಾದ

ಕನ್ನಡದಲ್ಲಿ ಕ್ರೈಸ್ತ ಗದ್ಯ ರೂಪುಗೊಂಡದ್ದು ಬಹುಮಟ್ಟಿಗೆ ಬೈಬಲ್ ಅನುವಾದದ ಮೂಲಕ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಈ ಕಾರ್ಯದಲ್ಲಿ ಪ್ರಮುಖರು. ಹೊಸ ಒಡಂಬಡಿಕೆ 1823ರಲ್ಲಿಯೂ ಸಂಪೂರ್ಣ ಬೈಬಲ್ 1831ರಲ್ಲಿಯೂ ಪ್ರಕಟವಾಯಿತು. ನಂತರದ ಪರಿಷ್ಕರಣೆಯಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಭಾಗವಹಿಸಿದರು. ಅನುವಾದಕರಿಗೆ ಎದುರಾದ ಮುಖ್ಯ ತೊಡಕು ಪದಗಳ ಆಯ್ಕೆಯದು. ದೇವರು, ಪಾಪ, ಕೃಪೆ, ಭಕ್ತಿ ಮೊದಲಾದ ಪದಗಳಿಗೆ ಜೈನ, ವೀರಶೈವ ಹಾಗೂ ವೈದಿಕ ಪರಂಪರೆಗಳು ಮೊದಲೇ ನಿರ್ದಿಷ್ಟ ಅರ್ಥಗಳನ್ನು ನೀಡಿದ್ದವು. ಅವೇ ಪದಗಳನ್ನು ಬಳಸಿ ಬೇರೊಂದು ಶ್ರದ್ಧೆಯನ್ನು ವಿವರಿಸಬೇಕಾಗಿದ್ದುದರಿಂದ, ಹಳೆಯ ಸಾಹಿತ್ಯದ ಅಧ್ಯಯನ ಮಿಷನರಿಗಳಿಗೆ ಅನಿವಾರ್ಯವಾಯಿತು.

ಪತ್ರಿಕೋದ್ಯಮ ಮತ್ತು ಗ್ರಂಥಸಂಪಾದನೆ

ಜರ್ಮನಿಯ ಹರ್ಮನ್ ಮೋಗ್ಲಿಂಗ್ (1811–1881) 1836ರಲ್ಲಿ ಭಾರತಕ್ಕೆ ಬಂದರು. ಅವರು 1843ರ ಜುಲೈ 1ರಂದು ಮಂಗಳೂರಿನಿಂದ ಹೊರತಂದ 'ಮಂಗಳೂರು ಸಮಾಚಾರ' ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿದೆ. ನಾಲ್ಕು ಪುಟಗಳ ಈ ಪಾಕ್ಷಿಕವು ಕಲ್ಲಚ್ಚಿನಲ್ಲಿ ಮುದ್ರಣಗೊಳ್ಳುತ್ತಿತ್ತು. ಊರಿನ ಸುದ್ದಿ, ಸರಕಾರದ ನಿರೂಪಗಳು, ಕಥೆಗಳು ಮತ್ತು ಹಾಡುಗಳು ಅದರಲ್ಲಿ ಪ್ರಕಟವಾಗುತ್ತಿದ್ದವು. 1844ರಲ್ಲಿ ಪತ್ರಿಕೆಯ ಮುದ್ರಣವು ಬಳ್ಳಾರಿಗೆ ಸ್ಥಳಾಂತರಗೊಂಡು, ಅದರ ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ.

ಮೋಗ್ಲಿಂಗ್ 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಪ್ರಕಟಿಸಿದರು. ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅವರ ಧನಸಹಾಯ ಇದಕ್ಕೆ ದೊರೆಯಿತು. ಬಸವಪುರಾಣ, ಚೆನ್ನಬಸವಪುರಾಣ, ಜೈಮಿನಿ ಭಾರತ ಮತ್ತು ದಾಸರ ಪದಗಳು ಈ ಮಾಲೆಯಲ್ಲಿ ಸೇರಿವೆ. ಮತಪ್ರಚಾರಕ್ಕೆಂದು ಬಂದ ಸಂಸ್ಥೆಯ ಮುದ್ರಣಾಲಯದಲ್ಲಿ ಅನ್ಯ ಧರ್ಮಗಳ ಕಾವ್ಯಗಳು ಅಚ್ಚಾದದ್ದು ಈ ಮಾಲೆಯ ವೈಶಿಷ್ಟ್ಯ.

ನಿಘಂಟು, ವ್ಯಾಕರಣ ಮತ್ತು ಸಾಹಿತ್ಯ ಚರಿತ್ರೆ

ಫರ್ಡಿನಾಂಡ್ ಕಿಟೆಲ್ (1832–1903) 1853ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ ಪಾದ್ರಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾಯಿತು. ಸುಮಾರು 70,000 ಪದಗಳಿರುವ ಈ ನಿಘಂಟಿನ ಪುಟಸಂಖ್ಯೆ 1,700ಕ್ಕೂ ಹೆಚ್ಚು. ಪದದ ಅರ್ಥವನ್ನಷ್ಟೇ ಕೊಡದೆ, ಇತರ ದ್ರಾವಿಡ ಭಾಷೆಗಳಲ್ಲಿರುವ ಜ್ಞಾತಿಪದಗಳು, ಹಳಗನ್ನಡ ಕಾವ್ಯಗಳ ಉಲ್ಲೇಖಗಳು ಹಾಗೂ ಗಾದೆಗಳನ್ನೂ ಅವರು ಸೇರಿಸಿದರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯವು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು.

ಕಿಟೆಲ್ ಅವರು ಕೇಶಿರಾಜನ 'ಶಬ್ದಮಣಿದರ್ಪಣ' (1872) ಮತ್ತು ನಾಗವರ್ಮನ 'ಛಂದೋಂಬುಧಿ' (1875) ಗ್ರಂಥಗಳನ್ನು ಸಂಪಾದಿಸಿದರು. ಎರಡನೆಯದರ ಪೀಠಿಕೆಯಲ್ಲಿರುವ ಕನ್ನಡ ಸಾಹಿತ್ಯ ಕುರಿತ ಪ್ರಬಂಧವು ಸಾಹಿತ್ಯ ಚರಿತ್ರೆಯ ಆರಂಭದ ಪ್ರಯತ್ನಗಳಲ್ಲೊಂದು. ಅವರ ಕನ್ನಡ ವ್ಯಾಕರಣ ಗ್ರಂಥ 1903ರಲ್ಲಿ ಹೊರಬಂದಿತು. ಲಂಡನ್ ಮಿಷನ್ನಿನ ಇ. ಪಿ. ರೈಸ್ ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಯ ಪರಿಷ್ಕೃತ ಆವೃತ್ತಿ 1921ರಲ್ಲಿ ಪ್ರಕಟವಾಯಿತು.

ಕಾವ್ಯ

ಕಿಟೆಲ್ ಅವರ 'ಕಥಾಮಾಲೆ' (1862) ಯೇಸುವಿನ ಜೀವನವನ್ನು ಭಾರತೀಯ ಕಾವ್ಯರೂಪದಲ್ಲಿ ನಿರೂಪಿಸುತ್ತದೆ. ಸುವಾರ್ತೆಯ ವಸ್ತುವನ್ನು ಪಾಶ್ಚಾತ್ಯ ರಾಗಗಳ ಸ್ತುತಿಗೀತೆಗಳಿಗೆ ಮೀಸಲಿಡದೆ ದೇಶೀಯ ಕಾವ್ಯರೂಪಕ್ಕೆ ತರುವ ಪ್ರಯತ್ನ ಇದರಲ್ಲಿದೆ. ಇದೇ ವಸ್ತುವನ್ನು ಕ್ರೈಸ್ತೇತರ ಕವಿಗಳೂ ಕೈಗೆತ್ತಿಕೊಂಡಿದ್ದಾರೆ. ಯೇಸುವಿನ ಕೊನೆಯ ದಿನವನ್ನು ಕುರಿತ ಎಂ. ಗೋವಿಂದ ಪೈ ಅವರ ಖಂಡಕಾವ್ಯ 'ಗೊಲ್ಗೊಥಾ' ಇದಕ್ಕೆ ಪ್ರಸಿದ್ಧ ನಿದರ್ಶನ.

ಸಂಶೋಧನೆ

ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962) ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಸೇವೆ ಸಲ್ಲಿಸಿದರು. ಹಳ್ಳಿಗಳಲ್ಲಿ ಸಂಚರಿಸಿ, ಜನರ ನಾಲಗೆಯ ಮೇಲೂ ಹಸ್ತಪ್ರತಿಗಳಲ್ಲಿಯೂ ಚದುರಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿದರು. ಅವರು ಸಂಪಾದಿಸಿದ 'ಸರ್ವಜ್ಞನ ವಚನಗಳು' 1924ರಲ್ಲಿ ಪ್ರಕಟವಾಯಿತು. ಮುಂದಿನ ಸರ್ವಜ್ಞ ಅಧ್ಯಯನಗಳಿಗೆ ಈ ಸಂಕಲನ ಆಧಾರವಾಯಿತು. 'ಅನುಭವಮಂಟಪದ ಐತಿಹಾಸಿಕತೆ' ಎಂಬ ಕೃತಿಯಲ್ಲಿ ಅವರು ಶರಣರ ಅನುಭವಮಂಟಪವು ಕೇವಲ ಕಲ್ಪನೆ ಎಂಬ ವಾದವನ್ನು ವಿರೋಧಿಸಿ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಕ್ರೈಸ್ತ ಹಾಗೂ ಹಿಂದೂ ಚಿಂತನೆಗಳ ಸಂವಾದಕ್ಕೆ ಸಂಬಂಧಿಸಿದ ಅವರ ಕೃತಿ. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು.

ಕಾದಂಬರಿ

ಸಾಗರದ ನಾ. ಡಿಸೋಜ (1937–2025) ಆಧುನಿಕ ಕನ್ನಡದ ಪ್ರಮುಖ ಕಾದಂಬರಿಕಾರರಲ್ಲೊಬ್ಬರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿ ಕಣಿವೆಯಲ್ಲಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಬದುಕನ್ನು ಹತ್ತಿರದಿಂದ ಕಂಡಿದ್ದರು. 'ಮುಳುಗಡೆ' ಮತ್ತು 'ದ್ವೀಪ' ಕಾದಂಬರಿಗಳ ವಸ್ತು ಇದೇ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು. ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರಕ್ಕಾಗಿ ನೀಡುವ ರಾಷ್ಟ್ರಪ್ರಶಸ್ತಿ ಲಭಿಸಿತು. ಡಿಸೋಜ ಅವರ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಮಲೆನಾಡಿನ ಕ್ರೈಸ್ತ ಸಮುದಾಯದ ಬದುಕನ್ನು ಚಿತ್ರಿಸುತ್ತದೆ. 2014ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು.

ಮೌಲ್ಯಮಾಪನ

ಮಿಷನರಿಗಳ ಬರವಣಿಗೆಯನ್ನು ಎರಡು ದೃಷ್ಟಿಗಳಿಂದ ನೋಡಲಾಗುತ್ತದೆ. ಅವರ ವಿದ್ವತ್ತು ಮತಾಂತರದ ಉದ್ದೇಶಕ್ಕೂ ವಸಾಹತು ಆಳ್ವಿಕೆಯ ಸಂದರ್ಭಕ್ಕೂ ಬದ್ಧವಾಗಿತ್ತೆಂಬುದು ಒಂದು. ಆ ಉದ್ದೇಶವನ್ನು ಮೀರಿ ಅವರ ಕಾರ್ಯ ಕನ್ನಡಕ್ಕೆ ಶಾಶ್ವತ ಆಕರಗಳನ್ನು ಒದಗಿಸಿತೆಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ. ಕಿಟೆಲ್ ನಿಘಂಟಿನ ಉಲ್ಲೇಖಗಳಲ್ಲಿ ಹೆಚ್ಚಿನವು ಜೈನ, ವೀರಶೈವ ಮತ್ತು ಬ್ರಾಹ್ಮಣ ಕವಿಗಳವು. ಉತ್ತಂಗಿ ಹಾಗೂ ಡಿಸೋಜ ಅವರ ವಿಷಯದಲ್ಲಿ 'ಕ್ರೈಸ್ತ ಲೇಖಕ' ಎಂಬ ವಿಶೇಷಣವು ಅವರ ಹಿನ್ನೆಲೆಯನ್ನು ತಿಳಿಸುತ್ತದೆಯೇ ಹೊರತು, ಸರ್ವಜ್ಞನಿಂದ ಶರಾವತಿಯ ಸಂತ್ರಸ್ತರವರೆಗೆ ಹರಡಿರುವ ಅವರ ಬರವಣಿಗೆಯ ವ್ಯಾಪ್ತಿಯನ್ನು ಸೂಚಿಸುವುದಿಲ್ಲ.