ಠಾಣೆಯೊಳಗೊಬ್ಬ ಶಾಮನ್

ಜೊವಾನ್ ವಾಕರ್ ಅಮೆರಿಕದ ಸಿಯಾಟಲ್ ನಗರದ ಪೊಲೀಸ್ ಇಲಾಖೆಯಲ್ಲಿ ವಾಹನ ರಿಪೇರಿ ಮಾಡುವ ಮೆಕ್ಯಾನಿಕ್. ತಾಯಿ ಐರ್ಲೆಂಡಿನವಳು, ತಂದೆ ಚೆರೋಕಿ ಬುಡಕಟ್ಟಿನವನು. ಒಮ್ಮೆ ಆಕೆಗೆ ವಿಮಾನದ ಕಿಟಕಿಯಿಂದ, ಬೇಟೆನಾಯಿಗಳಿಂದ ತಪ್ಪಿಸಿಕೊಂಡು ಓಡುತ್ತಿರುವ ಹೆಂಗಸೊಬ್ಬಳು ಕಾಣುತ್ತಾಳೆ. ಅವಳನ್ನು ಹುಡುಕಿ ಹೊರಟ ಜೊವಾನ್ ಸಾವಿನ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಎದುರಾಗುವ ಕಯೋಟಿ, ಅಂದರೆ ಅಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿ ಬರುವ, ತೋಳವನ್ನು ಹೋಲುವ ಬುದ್ಧಿವಂತ ಪ್ರಾಣಿ, ಎರಡೇ ದಾರಿ ತೋರಿಸುತ್ತದೆ: ಸಾಯಬೇಕು, ಇಲ್ಲವೇ ಶಾಮನ್ ಆಗಬೇಕು.

ಸಿ.ಇ. ಮರ್ಫಿ ಅವರ 'ಅರ್ಬನ್ ಶಾಮನ್' ಕಾದಂಬರಿ (2005) ಆರಂಭವಾಗುವುದು ಹೀಗೆ. ಮುಂದೆ ಕೊಲೆಗಳಿವೆ, ಕೊಂಬುಳ್ಳ ಕೆಲ್ಟಿಕ್ ದೇವತೆ ಸೆರ್ನುನೋಸ್ ಇದ್ದಾನೆ. ಪುರಾಣವನ್ನು ನಗರದ ಬೀದಿಗೆ ತಂದು ಪತ್ತೇದಾರಿಯೊಡನೆ ಬೆರೆಸುವ ಈ ಬಗೆಯ ಬರವಣಿಗೆಗೆ ಅಪಾರ ಓದುಗರಿದ್ದಾರೆ. ಇಲ್ಲಿ ಮಂತ್ರಶಕ್ತಿ ಪೊಲೀಸರ ಪಕ್ಷದಲ್ಲಿದೆ. ಇತಿಹಾಸದಲ್ಲಿ ಮಾತ್ರ ಪೊಲೀಸರು ಅದರ ಬೆನ್ನಟ್ಟಿದ್ದೇ ಹೆಚ್ಚು.

'ಶಾಮನ್' ಚೆರೋಕಿ ಪದವಲ್ಲ. ಅದು ಸೈಬೀರಿಯಾದ ಎವೆಂಕಿ ಜನರ ಮಾತು. ಅಲ್ಲಿಗೆ ಗಡಿಪಾರಾಗಿದ್ದ ರಷ್ಯದ ಪಾದ್ರಿ ಅವ್ವಾಕುಮ್ 1670ರ ದಶಕದಲ್ಲಿ ಬರೆದ ಆತ್ಮಕಥೆಯಲ್ಲಿ ಅದರ ಹಳೆಯ ಲಿಖಿತ ಉಲ್ಲೇಖವೊಂದಿದೆ. ನಮ್ಮಲ್ಲಿ ದೈವ ಮನುಷ್ಯನ ಮೈಮೇಲೆ ಬರುತ್ತದೆ. ಶಾಮನ್ ಆದರೋ ತಮಟೆಯ ನಾದದೊಡನೆ ತಾನೇ ಆತ್ಮಗಳ ಲೋಕಕ್ಕೆ ಹೋಗಿಬರುತ್ತಾನೆಂಬುದು ನಂಬಿಕೆ. ಈ ಪದದ ಮೂಲ ಸಂಸ್ಕೃತದ 'ಶ್ರಮಣ' ಎಂಬ ವಾದವೂ ಇದೆ. ಕನ್ನಡದಲ್ಲಿ ಸವಣ ಎಂದಾದ, ಶ್ರವಣಬೆಳಗೊಳದ ಹೆಸರಿನಲ್ಲಿ ಉಳಿದಿರುವ ಅದೇ ಶ್ರಮಣ! ಬೌದ್ಧರೊಡನೆ ಮಧ್ಯ ಏಷ್ಯಾ ದಾಟಿ ಅದು ಸೈಬೀರಿಯಾ ಸೇರಿತೆನ್ನುತ್ತಾರೆ. 1917ರಲ್ಲಿ ವಿದ್ವಾಂಸ ಬರ್ತೊಲ್ಡ್ ಲಾಫರ್ ಇದನ್ನು ಅಲ್ಲಗಳೆದರು. ವಿವಾದ ಇನ್ನೂ ಬಗೆಹರಿದಿಲ್ಲ.

ಪದ ಹುಟ್ಟಿದ ನೆಲದಲ್ಲೇ ಅದನ್ನು ಹೊತ್ತವರು ಕಷ್ಟಕ್ಕೊಳಗಾದರು. ಸೋವಿಯತ್ ಆಡಳಿತ ಶಾಮನ್‌ಗಳ ಮತದಾನದ ಹಕ್ಕು ಕಿತ್ತುಕೊಂಡಿತು. ಅವರ ತಮಟೆಗಳನ್ನು ವಶಪಡಿಸಿಕೊಂಡಿತು.

ಕಾದಂಬರಿಯ ನಾಡಾದ ಅಮೆರಿಕವೂ ಹಿಂದೆ ಬಿದ್ದಿರಲಿಲ್ಲ. 1883ರಲ್ಲಿ ಅಲ್ಲಿನ ಸರ್ಕಾರ ಮೂಲನಿವಾಸಿಗಳ ಮೀಸಲು ಪ್ರದೇಶಗಳಿಗಾಗಿ ವಿಶೇಷ ನ್ಯಾಯಾಲಯಗಳ ನಿಯಮಾವಳಿ ಹೊರಡಿಸಿತು. ಮದ್ದು-ಮಂತ್ರ ಮಾಡುವವರ ಆಚರಣೆಗಳು ಅದರ ಪ್ರಕಾರ ಅಪರಾಧ. ಶಿಕ್ಷೆ ಕನಿಷ್ಠ 10 ದಿನಗಳ ಸೆರೆ, ಅಥವಾ ಇನ್ನೆಂದೂ ಮಾಡುವುದಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗುವವರೆಗೆ ಬಂಧನ. ರೋಗಿಯ ತಲೆದೆಸೆಯಲ್ಲಿ ಹಾಡಿದವನಿಗೂ ಕಳ್ಳನಿಗೂ ಒಂದೇ ಕಟಕಟೆ. ಮೂಲನಿವಾಸಿಗಳ ಧಾರ್ಮಿಕ ಸ್ವಾತಂತ್ರ್ಯವನ್ನು ರಕ್ಷಿಸುವುದು ತನ್ನ ನೀತಿಯೆಂದು ಅಮೆರಿಕ ಕಾಯ್ದೆಯಲ್ಲಿ ಸಾರಿದ್ದು 1978ರಲ್ಲಿ.

ವಿಚಿತ್ರವೆಂದರೆ, ಒಂದು ಇಲಾಖೆ ನಿಷೇಧಿಸುತ್ತಿದ್ದುದನ್ನು ಇನ್ನೊಂದು ಇಲಾಖೆ ಹಣ ಕೊಟ್ಟು ಸಂಗ್ರಹಿಸುತ್ತಿತ್ತು. ಸರ್ಕಾರದ ಜನಾಂಗ ಅಧ್ಯಯನ ವಿಭಾಗದ ಜೇಮ್ಸ್ ಮೂನಿ 1887-88ರಲ್ಲಿ ಉತ್ತರ ಕ್ಯಾರೊಲಿನಾದ ಚೆರೋಕಿಗಳ ನಡುವೆ ಸುಮಾರು 600 ಮಂತ್ರಗಳನ್ನು ಕಲೆಹಾಕಿದರು. ಚೆರೋಕಿಗಳಿಗೆ ಸೆಕ್ವೋಯಾ 1821ರ ಹೊತ್ತಿಗೆ ರೂಪಿಸಿದ ಸ್ವಂತ ಲಿಪಿಯಿತ್ತು. ಅವರ ಮದ್ದುಗಾರರು ವಿದ್ಯೆಯನ್ನೆಲ್ಲ ಅದರಲ್ಲೇ ಬರೆದಿಟ್ಟುಕೊಳ್ಳುತ್ತಿದ್ದರು. ಸ್ವಿಮ್ಮರ್ ಎಂಬ ಮದ್ದುಗಾರನ ಬಳಿ ಅಂಥದ್ದೊಂದು ದಿನಚರಿ ಪುಸ್ತಕವಿತ್ತು. ಬೇಟೆಗಾರರು ಒಂದೇ ಹಾಡಿಗೆ 5 ಡಾಲರ್‌ವರೆಗೆ ಕೊಡುತ್ತಿದ್ದ ಕಾಲವದು; ಗುಟ್ಟು ಬಿಟ್ಟುಕೊಡಲು ಆತ ಮೊದಲು ಹಿಂಜರಿದ. ಕೊನೆಗೆ ಒಪ್ಪಂದವಾಯಿತು. ಮೂಲ ಪುಸ್ತಕ ಸರ್ಕಾರದ ಗ್ರಂಥಾಲಯ ಸೇರಿತು. ಆದರೆ ಸ್ವಿಮ್ಮರ್ ಒಂದು ಖಾಲಿ ಪುಸ್ತಕ ತರಿಸಿಕೊಂಡು, ಅದರಲ್ಲಿದ್ದುದನ್ನೆಲ್ಲ ತನ್ನ ಬಳಕೆಗೆ ನಕಲು ಮಾಡಿಕೊಂಡ.