ಫ್ರಂಟ್‌ಎಂಡ್ ಕೆಲಸದ ಸಂದರ್ಶನ: ಎದುರಿಗೇ ಕೋಡ್ ಬರೆಯುವ ಸುತ್ತಿಗೆ ತಯಾರಿ ಹೇಗೆ?

ಬೆಂಗಳೂರಿನ ಕಂಪನಿಗಳಿಗೆ ಫ್ರಂಟ್‌ಎಂಡ್ ಡೆವಲಪರ್ ಕೆಲಸಕ್ಕೆ ಅರ್ಜಿ ಹಾಕಿದವರು ಹೆಚ್ಚು ಹೆದರೋದು ‘ಮಷಿನ್ ಕೋಡಿಂಗ್’ ಸುತ್ತಿಗೆ. ಸ್ಕ್ರೀನ್ ಶೇರ್ ಮಾಡಿ, ಸಂದರ್ಶಕರು ನೋಡುತ್ತಿರುವಾಗಲೇ, ಸಾಮಾನ್ಯವಾಗಿ ಒಂದು–ಒಂದೂವರೆ ಗಂಟೆಯೊಳಗೆ ಏನಾದರೊಂದನ್ನು ಮಾಡಿ ತೋರಿಸಬೇಕು. ಟು-ಡು ಪಟ್ಟಿ, ಸ್ಟಾರ್ ರೇಟಿಂಗ್, ಫೋಟೊ ಸ್ಲೈಡರ್, ಸರ್ಚ್ ಬಾಕ್ಸ್ ಇಂಥವೇ ಹೆಚ್ಚು.

ಸರ್ಚ್ ಬಾಕ್ಸ್ ಅನ್ನೇ ತಗೊಳ್ಳಿ. ನೋಡೋಕೆ ಸುಲಭ, ಆದರೆ ಇದರಲ್ಲೇ ಅಭ್ಯರ್ಥಿಯ ಬಂಡವಾಳ ಗೊತ್ತಾಗಿಬಿಡುತ್ತೆ. ಒಂದೊಂದು ಅಕ್ಷರ ಒತ್ತಿದಾಗಲೂ ಸರ್ವರ್‌ಗೆ ರಿಕ್ವೆಸ್ಟ್ ಹೋಗಬಾರದು. ಟೈಪಿಂಗ್ ನಿಂತು 300 ಮಿಲಿಸೆಕೆಂಡ್ ಆದಮೇಲೆ ಹೋದರೆ ಸಾಕು. ಇದೇ ಡಿಬೌನ್ಸ್. ಲೈಬ್ರರಿ ಇಲ್ಲದೆ, ಸೆಟ್‌ಟೈಮ್‌ಔಟ್ ಬಳಸಿ ನೀವೇ ಬರೆಯಲು ಬರಬೇಕು. ಇನ್ನೊಂದು ಸಮಸ್ಯೆ: ‘ಹಾ’ ಎಂದು ಹುಡುಕಿದ ಉತ್ತರ ‘ಹಾಸನ’ದ ಉತ್ತರಕ್ಕಿಂತ ತಡವಾಗಿ ಬಂದರೆ ಹಳೆಯದು ಹೊಸದರ ಮೇಲೆ ಕೂರುತ್ತೆ. ಹಳೇ ರಿಕ್ವೆಸ್ಟನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ಸರ್ವರ್ 404 ಕೊಟ್ಟರೂ ಫೆಚ್ ಅದನ್ನು ಎರರ್ ಅಂತ ಎಸೆಯುವುದಿಲ್ಲ. ರೆಸ್ಪಾನ್ಸ್‌ನ ‘ಓಕೆ’ ಮೌಲ್ಯವನ್ನು ನೀವೇ ನೋಡಬೇಕು. ಬಳಕೆದಾರರು ಬರೆದ ಪಠ್ಯವನ್ನು ಇನ್ನರ್‌ಎಚ್‌ಟಿಎಂಎಲ್ ಮೂಲಕ ತೋರಿಸಬೇಡಿ, ಅದು ಹ್ಯಾಕರ್‌ಗೆ ಬಾಗಿಲು ತೆರೆದಿಟ್ಟಂತೆ. ಟೆಕ್ಸ್ಟ್‌ಕಂಟೆಂಟ್ ಬಳಸಿ.

ರಿಯಾಕ್ಟ್ ಮಾತ್ರ ಕಲಿತು ಜಾವಾಸ್ಕ್ರಿಪ್ಟ್ ಬಿಟ್ಟವರಿಗೆ ಇಲ್ಲೇ ಕಷ್ಟ. ಯೂಟ್ಯೂಬ್ ನೋಡಿಕೊಂಡು ಬರೆದದ್ದು ಅಭ್ಯಾಸದ ಲೆಕ್ಕಕ್ಕೆ ಬರೋದಿಲ್ಲ. ಖಾಲಿ ಫೈಲ್ ತೆರೆದು, ಮೊಬೈಲ್‌ನಲ್ಲಿ ಟೈಮರ್ ಇಟ್ಟು ಬರೆಯಿರಿ. ಎರಡು ದಿನ ಬಿಟ್ಟು ಅಳಿಸಿ, ಮತ್ತೆ ಬರೆಯಿರಿ.

ಸಂದರ್ಶನದ ದಿನ ಮೊದಲ ಐದು ನಿಮಿಷ ಕೋಡ್ ಮುಟ್ಟಬೇಡಿ. ಏನೇನು ಬೇಕು, ಗೂಗಲ್ ಅಥವಾ ಎಐ ಬಳಸಬಹುದಾ ಅಂತ ಕೇಳಿಕೊಳ್ಳಿ. ಮೊದಲು ಕೆಲಸ ಮಾಡುವಂತೆ ಮಾಡಿ, ಬಣ್ಣ–ಅಲಂಕಾರ ಆಮೇಲೆ. ಅರ್ಧಕ್ಕೆ ನಿಂತ ಚಂದದ ಪುಟಕ್ಕಿಂತ ಓಡುವ ಸಾದಾ ಪುಟವೇ ವಾಸಿ. ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಚಿಕ್ಕ ಚಿಕ್ಕ ವಾಕ್ಯ ಸಾಕು. ಸುಮ್ಮನೆ ಕೂತರೆ ನಿಮಗೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಅವರಿಗೆ ತಿಳಿಯೋದಿಲ್ಲ, ಸುಳಿವು ಕೊಡೋಕೂ ಆಗೋದಿಲ್ಲ.

ಊರಿಂದಲೇ ಕೂರುವವರು ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಳ್ಳಿ. ಕರೆಂಟ್ ಹೋಗಿ ಕಾಲ್ ಕಟ್ಟಾದರೆ ತಿಳಿಸಲು ಎಚ್‌ಆರ್ ನಂಬರ್ ಕಾಗದದಲ್ಲಿ ಬರೆದಿಡಿ.